ಒಂದು ದಿನದ ಬುತ್ತಿ ಜಾಸ್ತಿ

(ಚಳ್ಳಕೆರೆಯಲ್ಲಿ ಸೈಕಲ್ ತುಳಿಯುವ ಗೆಳೆಯರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಮಾತು ಮುಗಿದ ಮೇಲೆ ನೀವು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಇರುವ ಸಣ್ಣ ಬಟ್ಟೆ ಚೀಲ ನೋಡಿ. ಇದರಲ್ಲಿ ಅವಲಕ್ಕಿ ಇದೆ, ರಾಗಿ ಹುರಿಹಿಟ್ಟು ಇದೆ, ಎರಡು ಅಚ್ಚು ಬೆಲ್ಲ, ಒಂದು ಹಿಡಿ ಹುರಿದ ಶೇಂಗಾ, ಒಂದು ಪೊಟ್ಟಣ ಚಟ್ನಿಪುಡಿ. ಎಲ್ಲ ಸೇರಿ ಸುಮಾರು 700 ಗ್ರಾಂ. ಲಡಾಖ್‌ನಲ್ಲಿ ಸೈಕಲ್ ತುಳಿಯುವಾಗ ಇದು ನನ್ನ ಒಂದು ದಿನದ ಬುತ್ತಿ. ಇವತ್ತು ನಾನು ಹೇಳುವುದೆಲ್ಲ ಸುತ್ತಿ ಬಳಸಿ ಈ ಚೀಲಕ್ಕೇ ಬಂದು ನಿಲ್ಲುತ್ತದೆ.

ಹಿಂದೆ ವ್ಯಾನ್ ಬರುವುದಿಲ್ಲ. ಅಡುಗೆಯವರಿಲ್ಲ. ಡೇರೆ, ಸ್ಟೌ, ನೀರು, ಪಂಕ್ಚರ್ ಸಾಮಾನು, ಔಷಧಿ ಎಲ್ಲ ನಮ್ಮ ಸೈಕಲ್ ಮೇಲೇ. ಇದಕ್ಕೆ ಸೆಲ್ಫ್ ಸಪೋರ್ಟೆಡ್ ಅನ್ನುತ್ತಾರೆ. ನಮ್ಮ ಅಜ್ಜಿ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು ಹೊರಡುವುದು ಅನ್ನುತ್ತಿದ್ದರು. ನನಗೆ ಆ ಮಾತೇ ಇಷ್ಟ. ಯಾಕೆಂದರೆ ಅದರಲ್ಲಿ ಒಂಟಿಯಾಗಿ ಗೆಲ್ಲುವ ಹುಮ್ಮಸ್ಸು ಇಲ್ಲ. ದಾರಿಯಲ್ಲಿ ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವ ಎಚ್ಚರ ಇದೆ.

ನಾವು ಮೂವರು ಹೋಗಿದ್ದೆವು. ಆಗಸ್ಟ್ ಕೊನೆಯಲ್ಲಿ ಮನಾಲಿಯಿಂದ ಹೊರಟು, ರೋಹ್ತಾಂಗ್, ಕೀಲಾಂಗ್, ಬಾರಾಲಾಚಾ, ಸರ್ಚು, ಪಾಂಗ್ ದಾಟಿ, ಮೋರೆ ಬಯಲಿನ ಕೊನೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ, ತ್ಸೋ ಕಾರ್ ಸರೋವರ, ಪೂಗಾ, ಮಾಹೆ, ಅಲ್ಲಿಂದ ಹಾನ್ಲೆ, ಆಮೇಲೆ ಸಿಂಧೂ ನದಿಯ ಪಕ್ಕದಲ್ಲೇ ಲೇಹ್. ಇದು ಕಾಗದದ ಮೇಲೆ ಹಾಕಿಕೊಂಡಿದ್ದ ದಾರಿ.

ಎತ್ತರದಲ್ಲಿ ಮರುಭೂಮಿ ಹೇಗಾಯಿತು ಅಂತ ಬಯಲುಸೀಮೆಯ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಸುರಿಯುವ ಮೋಡ, ಘಟ್ಟ ದಾಟಿ ನಮ್ಮ ಕಡೆ ಬರುವ ಹೊತ್ತಿಗೆ ಬರಿದಾಗಿರುತ್ತದೆ. ಹಿಮಾಲಯದಲ್ಲೂ ಅದೇ ಕಥೆ, ಇನ್ನೂ ದೊಡ್ಡದಾಗಿ. ಮನಾಲಿಯಲ್ಲಿ ದೇವದಾರು ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಿ ಆ ಕಡೆ ಇಳಿದರೆ ಕಾಡೇ ತೆಳುವಾಗುತ್ತಾ ಹೋಯಿತು. ಬಾರಾಲಾಚಾ ದಾಟಿದ ಮೇಲೆ ಒಂದು ಮರವೂ ಇಲ್ಲ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 100 ಮಿ.ಮೀ. ನಮ್ಮಲ್ಲಿ ಒಂದು ಒಳ್ಳೆ ರಾತ್ರಿ ಮಳೆಗೆ ಅಷ್ಟು ಬಂದುಬಿಡುತ್ತದೆ, ಅಲ್ವಾ?

ಈ ದಾರಿಯಲ್ಲಿ ತಾಂಡಿ ಅಂತ ಒಂದು ಊರು. ಚಂದ್ರಾ ಮತ್ತು ಭಾಗಾ ನದಿಗಳು ಸೇರುವ ಜಾಗ. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ಒಂದು ಬೋರ್ಡು ಇತ್ತು: ಮುಂದಿನ ಬಂಕ್ 365 ಕಿ.ಮೀ. ದೂರ. ಸೈಕಲ್‌ಗೆ ಪೆಟ್ರೋಲ್ ಯಾಕೆ ಅಂತ ನೀವು ಕೇಳಬಹುದು. ನಮ್ಮ ಸ್ಟೌಗೆ. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವ ಹಾಗಿಲ್ಲ. ಅದಕ್ಕೇ ಪೆಟ್ರೋಲಿನಲ್ಲೂ ಸೀಮೆಎಣ್ಣೆಯಲ್ಲೂ ಉರಿಯುವ ಸ್ಟೌ ಒಯ್ದಿದ್ದೆವು. ಅಲ್ಲಿ ಸಿಗುವ ಪೆಟ್ರೋಲಿಗೆ ಅದರ ತೂತು ಎರಡು ದಿನಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಸೂಜಿ ಹಾಕಿ ಚುಚ್ಚಿ ಬಿಡಿಸಬೇಕು. ಕೈ ಮರಗಟ್ಟಿದಾಗ ಆ ಕೆಲಸ ಮಾಡಿ ನೋಡಿ! ಮನೆಯಲ್ಲೇ ಕಣ್ಣು ಮುಚ್ಚಿಕೊಂಡು ಹತ್ತು ಸಲ ಬಿಚ್ಚಿ ಜೋಡಿಸಿ ಅಭ್ಯಾಸ ಮಾಡಿಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನನಗೆ ಇದ್ದ ರಜೆ 16 ದಿನ. ವಾಪಸ್ ಟಿಕೆಟ್ ಮೊದಲೇ ತೆಗೆದಾಗಿತ್ತು. ಮನಾಲಿಗೆ ಬಂದರೆ ಸೈಕಲ್ ಪೆಟ್ಟಿಗೆಗಳು ಒಂದು ದಿನ ತಡವಾಗಿ ಬಂದವು. ಸುಮ್ನೆ ಕೂತು ಕಾದೆವು. ಆ ಕಳೆದ ದಿನವನ್ನು ಎಲ್ಲಿಂದ ವಾಪಸ್ ತೆಗೆದುಕೊಳ್ಳುವುದು ಅಂತ ಲೆಕ್ಕ ಹಾಕಿದೆವು. ಜಿಸ್ಪಾ ಸುಮಾರು 3,200 ಮೀಟರ್. ಅಲ್ಲಿಂದ 3,800 ಮೀಟರಿನ ಪತ್ಸಿಯೋಗೆ ಹೋಗಿ ಒಂದು ರಾತ್ರಿ ಮಲಗಬೇಕು, ಮರುದಿನ ಅಲ್ಲೇ ಇರಬೇಕು ಅಂತ ಪ್ಲಾನ್ ಇತ್ತು. ಅದನ್ನು ಹೊಡೆದು ಹಾಕಿದೆವು. ಕಾಲಲ್ಲಿ ಶಕ್ತಿ ಇತ್ತು, ಹವಾ ಚೆನ್ನಾಗಿತ್ತು, ಯಾರಿಗೂ ತಲೆನೋವೂ ಇರಲಿಲ್ಲ. ಜಿಸ್ಪಾದಿಂದ ನೇರ ಜಿಂಗ್‌ಜಿಂಗ್‌ಬಾರ್. ಅಂದರೆ ಮಲಗುವ ಜಾಗ ಒಂದೇ ದಿನದಲ್ಲಿ 1,000 ಮೀಟರ್ ಮೇಲೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಎತ್ತರದಲ್ಲಿ ಆಮ್ಲಜನಕ ಇರುವುದಿಲ್ಲ ಅನ್ನುತ್ತಾರೆ. ಗಾಳಿಯಲ್ಲಿ ಅದರ ಪಾಲು ಇಲ್ಲೂ ಶೇ. 21, ಅಲ್ಲೂ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. 4,500 ಮೀಟರ್‌ನಲ್ಲಿ ಸಮುದ್ರಮಟ್ಟದ ಶೇ. 58ರಷ್ಟು ಮಾತ್ರ ಉಳಿದಿರುತ್ತದೆ. ಹಾಗಾಗಿ ಒಂದೊಂದು ಉಸಿರಿಗೂ ದೇಹಕ್ಕೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು ಅಂತ ವೈದ್ಯರು ಹೇಳುವುದು ಅದಕ್ಕೇ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ದಿನಾ ನೂರು ಕಿಲೋಮೀಟರ್ ತುಳಿಯುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ, ಅದರಿಂದ ಅವರಿಗೇ ಅಪಾಯ ಜಾಸ್ತಿ.

ಮರುದಿನ 4,890 ಮೀಟರಿನ ಬಾರಾಲಾಚಾ ಹತ್ತಿ ಸರ್ಚುಗೆ ಇಳಿದೆವು. ಸರ್ಚು ಸುಮಾರು 4,290 ಮೀಟರ್. ಆ ರಾತ್ರಿ ನಮ್ಮಲ್ಲಿ ಒಬ್ಬನಿಗೆ ತಲೆನೋವು ಶುರುವಾಯಿತು. ಮಾತ್ರೆ ತಗೊಂಡ. ಒಂಬತ್ತು ಗಂಟೆಗೆ ವಾಂತಿ. ನಾನು ಟಾರ್ಚ್ ಹಿಡಿದು, ನೆಲದ ಮೇಲೆ ಚಪ್ಪಲಿಯಿಂದ ಒಂದು ಗೆರೆ ಎಳೆದೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗಿಸುತ್ತಾ ಗೆರೆ ಮೇಲೆ ನಡಿ ಅಂದೆ. ಅವನು ಬಿಕ್ಕುತ್ತಾ, ನಡುಗುತ್ತಾ ನಡೆದ. ತೂರಾಡಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಕುಡಿದವರ ಹಾಗೆ ತೂರಾಡಿದರೆ ಮಿದುಳಿಗೆ ಬಾವು ಬರುತ್ತಿದೆ ಅಂತ ಅರ್ಥ, ಆಗ ಬೆಳಗಿನ ತನಕ ಕಾಯುವಂತಿಲ್ಲ. ಸುಮ್ಮನೆ ಕೂತಿದ್ದರೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಇದ್ದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಅಂತ. ಎರಡಕ್ಕೂ ಮೊದಲ ಮದ್ದು ಒಂದೇ, ಕೆಳಗೆ ಇಳಿಯುವುದು.

ಆದರೆ ಸರ್ಚುವಿನಲ್ಲಿ ಒಂದು ಕಷ್ಟ ಇದೆ. ನಕ್ಷೆ ನೋಡಿ ಗೊತ್ತಿತ್ತು, ಆ ರಾತ್ರಿ ಅದು ಎದೆಗೆ ತಟ್ಟಿತು. ಹಿಂದೆ ಹೋಗಬೇಕೆಂದರೆ ಬಾರಾಲಾಚಾ ಹತ್ತಬೇಕು. ಮುಂದೆ ಹೋಗಬೇಕೆಂದರೆ ಗಾಟಾ ಲೂಪ್ಸ್‌ನ 21 ತಿರುವು ಹತ್ತಿ ನಕೀ ಲಾ (ಲಾ ಅಂದರೆ ಘಾಟಿ), ಆಮೇಲೆ 5,000 ಮೀಟರ್ ದಾಟಿದ ಲಾಚುಲುಂಗ್ ಲಾ. ಕೆಳಗೆ ಇಳಿಯಬೇಕು, ಇಳಿಯುವ ದಾರಿ ಯಾವ ಕಡೆಗೂ ಇಲ್ಲ. ಹತ್ತಿಯೇ ಇಳಿಯಬೇಕು.

ಬೆಳಗ್ಗೆ ಐದೂವರೆಗೆ ಕೀಲಾಂಗ್ ಕಡೆ ಹೊರಟ ಒಂದು ಲಾರಿ ನಿಲ್ಲಿಸಿದೆವು. ಡ್ರೈವರ್ ಗೆಳೆಯನ ಮುಖ ನೋಡಿದರು, ಒಂದು ಮಾತೂ ಕೇಳಲಿಲ್ಲ. ಕ್ಲೀನರ್ ಹುಡುಗ ತನ್ನ ಜಾಗ ಬಿಟ್ಟು ಹಿಂದೆ ಹತ್ತಿ ಕೂತ. ನಾನು ಜೊತೆಗೆ ಹೋದೆ. ಮೂರನೆಯವನು ಸೈಕಲ್‌ಗಳ ಜೊತೆ ಸರ್ಚುವಿನ ಢಾಬಾ ಡೇರೆಯಲ್ಲೇ ಉಳಿದ. ಸಂಜೆ ಹೊತ್ತಿಗೆ, 3,080 ಮೀಟರಿನ ಕೀಲಾಂಗ್‌ನಲ್ಲಿ, ಗೆಳೆಯ ಎರಡು ಪ್ಲೇಟ್ ಅನ್ನ ದಾಲ್ ತಿಂದ. ಮರುದಿನ ಅವನನ್ನು ಮನಾಲಿ ಬಸ್ಸಿಗೆ ಹತ್ತಿಸಿ, ನಾನು ಇನ್ನೊಂದು ಲಾರಿ ಹಿಡಿದು ವಾಪಸ್ ಬಂದೆ.

ಡ್ರೈವರ್ ದುಡ್ಡು ತೆಗೆದುಕೊಳ್ಳಲಿಲ್ಲ. ಕ್ಲೀನರ್ ಹುಡುಗ ಆ ಚಳಿಯಲ್ಲಿ ಹಿಂದೆ ಕೂತಿದ್ದ. ಅದು ನನ್ನ ಮನಸ್ಸಿನಲ್ಲಿ ಈಗಲೂ ಇದೆ. ನಮ್ಮ ಹತ್ತಿರ ಡೇರೆ ಇತ್ತು, ಸ್ಟೌ ಇತ್ತು, ಔಷಧಿ ಡಬ್ಬಿ ಇತ್ತು, ಸೈಕಲ್ ಚೌಕಟ್ಟಿಗೆ ಅಂಟಿಸಿಕೊಂಡ ಆರು ಹೆಚ್ಚುವರಿ ಚಕ್ರದ ಕಡ್ಡಿಗಳೂ ಇದ್ದವು. ಇಲ್ಲದೇ ಹೋದದ್ದು ಒಂದು ದಿನ. ಆ ದಿನದ ಬೆಲೆಯನ್ನು ಆ ಹುಡುಗ ಕೊಟ್ಟ.

ಅಲ್ಲಿಂದ ಮುಂದೆ ನಾವಿಬ್ಬರೂ ಲೆಕ್ಕ ಬದಲಿಸಿದೆವು. ಹಾನ್ಲೆ ಬಿಟ್ಟೆವು. ಉಳಿದ ದಾರಿಗೆ ಐದು ದಿನ ಬೇಕೆಂದರೆ ಆರು ದಿನದ ಬುತ್ತಿ ಕಟ್ಟಿದೆವು.

ಹಾನ್ಲೆ ಬಿಡುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಅಲ್ಲಿ 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯ ಇದೆ. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿನ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಸಂಪರ್ಕದ ಮೂಲಕ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ನಮ್ಮ ತುಟಿ ಒಡೆದು ರಕ್ತ ಬರಿಸುವ ಒಣ ಗಾಳಿಯೇ ಅವರಿಗೆ ವರ. ಗಾಳಿಯಲ್ಲಿ ತೇವ ಇಲ್ಲ, ಧೂಳು ಕಡಿಮೆ, ಊರಿನ ದೀಪ ಇಲ್ಲ. ನಕ್ಷತ್ರದ ಬೆಳಕು ತಡೆಯಿಲ್ಲದೆ ನೆಲಕ್ಕೆ ಬರುತ್ತದೆ.

ಇನ್ನು ನೀರು. ಬಾಯಾರಿಕೆಯೇ ಗೊತ್ತಾಗದ ಹಾಗೆ ಅಲ್ಲಿ ದೇಹ ನೀರು ಕಳೆದುಕೊಳ್ಳುತ್ತದೆ. ಬೆವರು ಕಾಣಿಸುವುದಿಲ್ಲ, ಹುಟ್ಟಿದಾಗಲೇ ಆರಿಹೋಗುತ್ತದೆ. ಏದುಸಿರಿನ ಜೊತೆಗೂ ನೀರು ಹೋಗುತ್ತದೆ. ಪಾಂಗ್ ಬಿಟ್ಟ ಮೇಲೆ ಮೋರೆ ಬಯಲು ಸುಮಾರು 40 ಕಿ.ಮೀ. ಚಪ್ಪಟೆ ನೆಲ, ಎತ್ತರ 4,700 ಮೀಟರ್. ಅದಕ್ಕೆ ನಾನು ಐದು ಲೀಟರ್ ಹೊತ್ತೆ. ಐದು ಲೀಟರ್ ಅಂದರೆ ಐದು ಕೆಜಿ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ತೂಕ ಉಳಿಸುವವರನ್ನು ನಾನು ನೋಡಿದ್ದೇನೆ. ತೂಕ ಉಳಿಸಬೇಕಾದರೆ ಬಟ್ಟೆಯಲ್ಲಿ, ಕ್ಯಾಮೆರಾದಲ್ಲಿ ಉಳಿಸಿ. ನೀರಿನಲ್ಲಿ, ಊಟದಲ್ಲಿ ಬೇಡ.

ಹಿಮ ಕರಗಿ ಬರುವ ಹಳ್ಳಗಳ ಸ್ವಭಾವ ನಮ್ಮ ಹಳ್ಳಗಳಂತಲ್ಲ. ಮೋಡವೇ ಇಲ್ಲದ ದಿನ ಅವು ತುಂಬುತ್ತವೆ. ಬೆಳಗ್ಗೆ ಮೊಣಕಾಲ ಕೆಳಗೆ ಇದ್ದ ನೀರು, ಬಿಸಿಲಿಗೆ ಮೇಲಿನ ಹಿಮ ಕರಗಿ, ಮಧ್ಯಾಹ್ನ ತೊಡೆ ಮುಟ್ಟುತ್ತದೆ. ಹಳ್ಳ ದಾಟುವುದಿದ್ದರೆ ನಸುಕಿನಲ್ಲೇ ದಾಟಿ. ಮಧ್ಯಾಹ್ನ ಬಂದು ಸಿಕ್ಕಿಬಿದ್ದಿರಾ, ದಡದಲ್ಲೇ ಡೇರೆ ಹಾಕಿ ಮರುದಿನ ಬೆಳಗ್ಗೆ ದಾಟಿ. ಒಂದು ದಿನದ ಬುತ್ತಿ ಜಾಸ್ತಿ ಇದ್ದವರು ಆರಾಮಾಗಿ ಇದನ್ನು ಮಾಡಬಹುದು. ಇಲ್ಲದವರು ನೀರಿಗೆ ಇಳಿಯುತ್ತಾರೆ. ಗಾಳಿಯೂ ಹಾಗೇ, ಮಧ್ಯಾಹ್ನದ ಮೇಲೆ ಏಳುತ್ತದೆ. ಹಾಗಾಗಿ ನಾವು ಐದಕ್ಕೆ ಎದ್ದು ಎರಡು ಗಂಟೆಗೆ ದಿನ ಮುಗಿಸುತ್ತಿದ್ದೆವು.

ಅಡುಗೆ ಬಗ್ಗೆ ತುಂಬಾ ಜನ ಕೇಳಿದಿರಿ. ಮೊದಲ ಸಲ ಪಾಂಗ್ ಹತ್ತಿರ ಅನ್ನಕ್ಕೆ ಇಟ್ಟೆವು. ನೀರು ಕುದಿಯುತ್ತಾ ಇದೆ, ಕುದಿಯುತ್ತಾ ಇದೆ, ಅಕ್ಕಿ ಬೇಯುತ್ತಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಒಂದು ಅಗುಳು ತೆಗೆದು ಒತ್ತಿದೆ. ಹೊರಗೆ ಗಂಜಿ, ಒಳಗೆ ಕಲ್ಲು. ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಸುಮ್ನೆ ಆವಿಯಾಗಿ ಹೋಗುತ್ತದೆ. ಢಾಬಾಗಳಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಲೇ ಇರುವುದು ಅದಕ್ಕೆ. ನಮ್ಮ ಹತ್ತಿರ ಕುಕ್ಕರ್ ಇರಲಿಲ್ಲ. ಆ ಸಂಜೆ ಅರ್ಧ ದಿನದ ಪೆಟ್ರೋಲು ದಂಡವಾಯಿತು.

ಅವತ್ತಿಂದ ಬೇಯಿಸುವ ಗೋಜೇ ಬಿಟ್ಟೆವು. ಬಿಸಿನೀರು ಮಾತ್ರ. ಬಿಸಿನೀರು ಹಾಕಿದರೆ ಅವಲಕ್ಕಿ ಅರಳುತ್ತದೆ. ಹುರಿದ ಶಾವಿಗೆ ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಹುರಿಹಿಟ್ಟಿಗೆ ಬೆಲ್ಲದ ನೀರು ಸಾಕು. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಚೂರಾದರೂ ರುಚಿ ಹೋಗುವುದಿಲ್ಲ. ನಮ್ಮ ಹಿರಿಯರು ಕುರಿ ಹಿಂದೆ ಹೋಗುವವರಿಗೆ, ಜಾತ್ರೆಗೆ ಬಂಡಿ ಕಟ್ಟುವವರಿಗೆ ಅಂತ ಮಾಡಿಟ್ಟ ತಿಂಡಿಗಳೇ ಅಲ್ಲಿ ನಮ್ಮನ್ನು ಕಾಪಾಡಿದವು. ದುಬಾರಿ ಪೊಟ್ಟಣಗಳನ್ನು ಹುಡುಕುವ ಮೊದಲು ನಿಮ್ಮ ಅಮ್ಮನ ಹತ್ತಿರ ಒಂದು ಸಲ ಕೂತು ಮಾತಾಡಿ.

ತ್ಸೋ ಕಾರ್ ತಲುಪಿದ್ದು ಒಂದು ಮಧ್ಯಾಹ್ನ. ತ್ಸೋ ಅಂದರೆ ಸರೋವರ, ಕಾರ್ ಅಂದರೆ ಬಿಳಿ. ದಡದ ಸುತ್ತ ಉಪ್ಪು ಕಟ್ಟಿ ಬೆಳ್ಳಗಿದೆ. ಹಿಂದೆ ಚಾಂಗ್ಪಾ ಜನ, ಅಂದರೆ ಇಲ್ಲಿ ಮಂದೆ ಮೇಯಿಸುವ ಅಲೆಮಾರಿಗಳು, ಇಲ್ಲಿನ ಉಪ್ಪು ಒಯ್ದು ಕಾಳು ತರುತ್ತಿದ್ದರು. ಗುಡ್ಡದ ಮೈಮೇಲೆ, ಈಗಿನ ನೀರಿಗಿಂತ ಎಷ್ಟೋ ಮೇಲೆ, ಹಳೆಯ ದಡದ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಒಂದು ಕಾಲಕ್ಕೆ ಸರೋವರ ಅಲ್ಲಿಯ ತನಕ ಇತ್ತು. ಬತ್ತಿದ ಕೆರೆಯ ಏರಿ ಮೇಲೆ ನಿಂತ ಹಾಗೆ ಅನ್ನಿಸಿತು ನನಗೆ. ಎದುರಿಗೆ ಅಷ್ಟು ನೀರು, ಕುಡಿಯಲು ಒಂದು ಹನಿ ಇಲ್ಲ.

ಅಲ್ಲಿ ಯಾಕ್ ಕೂದಲಿನ ಕಪ್ಪು ಡೇರೆ ಒಂದು ಇತ್ತು. ರೆಬೊ ಅನ್ನುತ್ತಾರೆ. ಹತ್ತಿರ ಹೋಗಿ ಜುಲೇ, ಅಂದರೆ ನಮಸ್ಕಾರ, ಅಂದೆವು. ಒಳಗಿಂದ ವಯಸ್ಸಾದ ಹೆಂಗಸು ಬಂದರು. ಆಮಾ ಲೇ, ನೀರು ಎಲ್ಲಿ ಸಿಗುತ್ತದೆ ಅಂತ ಕೈಸನ್ನೆಯಲ್ಲೇ ಕೇಳಿದೆ. ಅವರು ಒರತೆ ತೋರಿಸಿದರು, ಆಮೇಲೆ ಒಳಗೆ ಕರೆದರು. ನಾನು ಚಳ್ಳಕೆರೆಯವನು, ಕಂಬಳಿ ನೇಯುವವರ ನಡುವೆ ಬೆಳೆದವನು. ಕೈ ತಾನಾಗಿಯೇ ಡೇರೆಯ ಬಟ್ಟೆ ಮುಟ್ಟಿತು. ಒರಟು ನೇಯ್ಗೆ, ಎಳೆಗಳ ನಡುವೆ ಸೂಜಿಮೊನೆಯಷ್ಟು ಬೆಳಕು. ಹೊಗೆ ಅದರಲ್ಲೇ ಸೋಸಿಕೊಂಡು ಹೊರಗೆ ಹೋಗುತ್ತಿತ್ತು. ಅದೇ ಎಣ್ಣೆ ವಾಸನೆ, ನಮ್ಮ ಕಂಬಳಿಯದ್ದು.

ಅವರು ಮರದ ಬಟ್ಟಲಿಗೆ ಉಪ್ಪು ಬೆಣ್ಣೆಯ ಚಹಾ ಹಾಕಿದರು. ಚರ್ಮದ ಚೀಲದಿಂದ ಒಂದು ಹಿಡಿ ಹಿಟ್ಟು ತೆಗೆದು ಅದರ ಮೇಲೆ ಸುರಿದು, ಬೆರಳಲ್ಲಿ ತಿರುವುತ್ತಾ ತಿರುವುತ್ತಾ ಉಂಡೆ ಮಾಡಿ ಕೊಟ್ಟರು. ತ್ಸಂಪಾ. ಹುರಿದು ಬೀಸಿದ ಬಾರ್ಲಿ ಹಿಟ್ಟು. ಬಾಯಿಗೆ ಹಾಕಿಕೊಂಡರೆ ಹುರಿಹಿಟ್ಟೇ! ನಾನು ಓಡಿಹೋಗಿ ನನ್ನ ಚೀಲ ತಂದೆ. ರಾಗಿ ಹಿಟ್ಟನ್ನು ಅವರ ಅಂಗೈಗೆ ಹಾಕಿದೆ. ಮೂಸಿದರು, ನಾಲಗೆಗೆ ಇಟ್ಟುಕೊಂಡರು, ಬಣ್ಣ ನೋಡಿ ನಕ್ಕರು. ತಮ್ಮ ಚಹಾಕ್ಕೇ ಹಾಕಿ ತಿರುವಿ ತಿಂದರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಅರ್ಧ ಗಂಟೆ ಕೂತಿದ್ದೆವು.

ಚಾಂಗ್ಪಾ ಜನರ ಆಡುಗಳ ಒಳಕೂದಲೇ ಪಶ್ಮಿನಾ. ಚಳಿಗಾಲದ ಆ ಚಳಿಯಿಂದ ಆಡುಗಳನ್ನು ಕಾಪಾಡುವುದೇ ಆ ಕೂದಲು. ಅವರು ಹುಲ್ಲು ನೋಡಿಕೊಂಡು ಜಾಗ ಬದಲಿಸುತ್ತಾ ಇರುತ್ತಾರೆ. ಹೊರಗಿನಿಂದ ಹೋದ ನಾವು ಎರಡು ವಾರಕ್ಕೆ ಮಾಡುವುದನ್ನು ಅವರು ಜೀವನವಿಡೀ ಮಾಡುತ್ತಾರೆ. ಆದರೆ ಒಬ್ಬೊಬ್ಬರೇ ಅಲ್ಲ. ಯಾರ ಮಂದೆ ಯಾವ ಹುಲ್ಲುಗಾವಲಿಗೆ ಅಂತ ಕೂಡಿ ತೀರ್ಮಾನಿಸುತ್ತಾರೆ, ಕೂಡಿಯೇ ಹೊರಡುತ್ತಾರೆ.

ಆ ಬಯಲಿನಲ್ಲಿ ಕಿಯಾಂಗ್ ಅನ್ನುವ ಕಾಡುಕತ್ತೆಗಳು ಕಾಣುತ್ತವೆ. ಗಾಡಿ ಹೋದರೆ ಅವು ಪಕ್ಕದಲ್ಲೇ ಓಡುತ್ತವೆ. ಆಟ ಅಂತ ಅಂದುಕೊಂಡು ಕೆಲವರು ಇನ್ನೂ ಜೋರಾಗಿ ಓಡಿಸುತ್ತಾರೆ. ದಯವಿಟ್ಟು ಮಾಡಬೇಡಿ. ಆ ಗಾಳಿಯಲ್ಲಿ ಓಡಿ ಕಳೆದ ಶಕ್ತಿಯನ್ನು ಅವು ಆ ಒಣಹುಲ್ಲಿನಿಂದಲೇ ಮತ್ತೆ ತುಂಬಿಕೊಳ್ಳಬೇಕು. ಕಪ್ಪು ಕತ್ತಿನ ಕೊಕ್ಕರೆಗಳು ತ್ಸೋ ಕಾರ್ ಸುತ್ತ ಮರಿ ಮಾಡುತ್ತವೆ. ಬೀದಿನಾಯಿಗಳು ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಆ ನಾಯಿಗಳು ಹೆಚ್ಚುವುದು ಕ್ಯಾಂಪುಗಳ ಉಳಿದ ಊಟದಿಂದ. ಹಾಗಾಗಿ ನಾಯಿಗೆ ಬಿಸ್ಕತ್ತು ಹಾಕುವ ಪ್ರೀತಿ ಅಲ್ಲಿ ಬೇಡ. ಕಸವೂ ಅಷ್ಟೇ. ಆ ಚಳಿಗೆ, ಆ ಒಣ ಮಣ್ಣಿಗೆ ಏನೂ ಬೇಗ ಕೊಳೆಯುವುದಿಲ್ಲ. ನಮ್ಮ ಪ್ಲಾಸ್ಟಿಕ್ಕು, ಬಳಸಿದ ಟಿಶ್ಯೂ ಎಲ್ಲ ಒಂದು ಚೀಲದಲ್ಲಿ ಲೇಹ್ ತನಕ ಬಂತು.

ಪೋಲೋಕೊಂಗ್ಕಾ ಲಾ ದಾಟಿ ಪೂಗಾ ಕಣಿವೆಗೆ ಇಳಿದಾಗ ನೆಲದಿಂದ ಆವಿ ಏಳುತ್ತಿತ್ತು. ಗಂಧಕದ ವಾಸನೆ. ಅಲ್ಲಿನ ಬಿಸಿನೀರ ಬುಗ್ಗೆಗಳು 84 ಡಿಗ್ರಿ ತನಕ ಇವೆ. ಅಂದರೆ ಆ ಎತ್ತರದಲ್ಲಿ ನೀರು ಕುದಿಯುವ ಬಿಸಿಯೇ. ನಮ್ಮ ಸ್ಟೌ ಏನು ಮಾಡಲು ಒದ್ದಾಡುತ್ತಿತ್ತೋ ಅದನ್ನು ಭೂಮಿ ಹಗಲು ರಾತ್ರಿ ಮಾಡುತ್ತಿತ್ತು.

ಫೋನ್ ಬಗ್ಗೆ ಕೇಳಿದವರಿಗೆ: ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಎಷ್ಟೋ ಕಡೆ ಸಿಗ್ನಲ್ ಹಿಡಿಯುವುದಿಲ್ಲ. ಸ್ಯಾಟಲೈಟ್ ಫೋನ್ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ, ಬೇರೆ ದೇಶದವರ ಸಾಮಾನಿನ ಪಟ್ಟಿ ನೋಡಿ ತರಿಸಿಕೊಳ್ಳಬೇಡಿ. ಹೊರಡುವ ಮೊದಲು ಮನೆಯವರಿಗೆ ಬರೆದು ಕೊಡಿ: ಯಾವ ದಿನ ಎಲ್ಲಿರುತ್ತೇನೆ, ಯಾವ ದಿನದ ತನಕ ಫೋನ್ ಬರದಿದ್ದರೂ ಹೆದರಬೇಡಿ, ಅದು ದಾಟಿದರೆ ಯಾರಿಗೆ ಹೇಳಬೇಕು. ಆ ಲೆಕ್ಕದಲ್ಲೂ ಒಂದು ದಿನ ಜಾಸ್ತಿ ಇಡಿ. ಇಲ್ಲದಿದ್ದರೆ ನೀವು ಹಳ್ಳದ ದಡದಲ್ಲಿ ಆರಾಮಾಗಿ ಕೂತಿರುತ್ತೀರಿ, ಇಲ್ಲಿ ಅಮ್ಮ ದೇವರಿಗೆ ಹರಕೆ ಹೊರುತ್ತಾ ಇರುತ್ತಾರೆ. ರಾತ್ರಿ ಫೋನು, ಬ್ಯಾಟರಿ, ನೀರಿನ ಫಿಲ್ಟರ್ ಮೂರನ್ನೂ ಮಲಗುವ ಚೀಲದ ಒಳಗೇ ಇಟ್ಟುಕೊಳ್ಳಿ. ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮಾಹೆಯಿಂದ ಸಿಂಧೂ ಪಕ್ಕದಲ್ಲಿ ಇಳಿಯುತ್ತಾ, ಚುಮಾಥಾಂಗ್, ಉಪ್ಶಿ ದಾಟಿ ಲೇಹ್ ಸೇರಿದಾಗ ಐದನೇ ದಿನ. ಆರನೇ ದಿನದ ಬುತ್ತಿ ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. 700 ಗ್ರಾಂ. ಮೂರು ಘಾಟಿ ಅದನ್ನು ಹೊತ್ತು ಹತ್ತಿಸಿದ್ದೆ. ಲೇಹ್ ಪೇಟೆಯಲ್ಲಿ ಯಾರಿಗಾದರೂ ಕೊಡೋಣ ಅಂದ ಜೊತೆಗಾರ. ನಾನು ಒಪ್ಪಲಿಲ್ಲ, ಸೈಕಲ್ ಪೆಟ್ಟಿಗೆಯ ಮೂಲೆಯಲ್ಲಿ ತುರುಕಿದೆ.

ಊರಿಗೆ ಬಂದ ಮರುದಿನ ಬೆಳಗ್ಗೆ ಅಮ್ಮ ಚೀಲ ಬಿಚ್ಚಿ ನೋಡಿದರು. ಇದು ಇಲ್ಲಿಂದ ಒಯ್ದದ್ದಲ್ಲವೇನೋ ಅಂದರು. ಹೌದಮ್ಮ ಅಂದೆ. ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ, ಒಗ್ಗರಣೆ ಹಾಕಿ, ಅದೇ ಅವಲಕ್ಕಿಯನ್ನು ತಟ್ಟೆಗೆ ಬಡಿಸಿದರು. ಸರ್ಚುವಿನಿಂದ ವಾಪಸ್ ಹೋಗಿದ್ದ ಗೆಳೆಯನೂ ಅವತ್ತು ಮನೆಗೆ ಬಂದಿದ್ದ. ಅವನಿಗೆ ಎರಡನೇ ಸಲವೂ ಬಡಿಸಿದರು.